ಇಲ್ಲದ ಹೆಣ್ಣಿನ ರೂಪ

ಎಂದೂ ಹುಟ್ಟದ, ಹೆಸರಿಲ್ಲದ, ತಾಯಿತಂದೆಗಳಿಲ್ಲದ ಒಬ್ಬ ಹೆಣ್ಣಿನ ರೂಪವನ್ನು ಗಣಕಯಂತ್ರದಲ್ಲಿ ಕಲ್ಪಿಸಿ, ಅವಳಿಗೆ ಯೋಧೆಯ ಕವಚವನ್ನೋ ಕಿನ್ನರಿಯ ರೆಕ್ಕೆಗಳನ್ನೋ ತೊಡಿಸಿ, ಕವಚವು ಕಾಪಾಡಬೇಕಾದ ಎದೆಯನ್ನೂ ಉದರವನ್ನೂ ತೆರೆದೇ ಬಿಟ್ಟು, ಅರೆಮುಚ್ಚಿದ ಕಣ್ಣುಗಳನ್ನು ನೋಡುವವನ ಕಡೆಗೆ ತಿರುಗಿಸಿ ನಿಲ್ಲಿಸಿದ ಪಕ್ಷದಲ್ಲಿ, ಆ ಚಿತ್ರವನ್ನು ಬಯಕೆಯಿಂದ ನೋಡಿದವನು ಯಾರಿಗೆ ಅಪರಾಧವನ್ನು ಮಾಡಿದಂತಾಯಿತು? ಪರಸ್ತ್ರೀಯ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ವಿಧಿಸಿದ ನಿಷೇಧಗಳೆಲ್ಲವೂ, ಆ ಸ್ತ್ರೀಯೊಬ್ಬಳು ಇದ್ದಾಳೆ, ಅವಳಿಗೆ ಮಾನವುಂಟು, ಮನೆಯುಂಟು, ನೋವುಂಟು ಎಂಬ ನೆಲೆಯ ಮೇಲೆ ನಿಂತಿವೆ. ಇಲ್ಲಿ ಆ ನೆಲೆಯೇ ಕಾಣದು. ನೋಯತಕ್ಕವಳು ಯಾರೂ ಇಲ್ಲದಿರುವಲ್ಲಿ ಹಿಂಸೆಯೆಲ್ಲಿಂದ ಬಂದೀತು, ಹಿಂಸೆಯಿಲ್ಲದಲ್ಲಿ ಪಾಪವೆಲ್ಲಿಂದ ಬಂದೀತು ಎಂದು ಈ ಕಲೆಯ ಸಮರ್ಥಕರು ಕೇಳುತ್ತಾರೆ. ಹಾಗೆ ಕೇಳುವವರೆಲ್ಲರೂ ಲಂಪಟರೇನಲ್ಲ. ವರ್ಷಗಟ್ಟಲೆ ಅಂಗವಿನ್ಯಾಸವನ್ನೂ ಬೆಳಕುನೆರಳುಗಳ ಮರ್ಮವನ್ನೂ ಅಭ್ಯಾಸಮಾಡಿದ ಕಲಾವಿದರು, ಅವರಲ್ಲಿ ಸ್ತ್ರೀಯರೂ ಸಹ, ಈ ಪಕ್ಷದಲ್ಲಿದ್ದಾರೆ. ಪ್ರಶ್ನೆ ಗಂಭೀರವಾದುದು. ಮುಖ ಸಿಂಡರಿಸಿ ಎದ್ದುಹೋದ ಮಾತ್ರಕ್ಕೆ ಅದಕ್ಕೆ ಉತ್ತರವನ್ನು ಕೊಟ್ಟಂತಾಗುವುದಿಲ್ಲ.

ಚಿತ್ರದಲ್ಲಿ ಹೆಣ್ಣಿನ ಮೈ ತೋರಿತೆಂಬ ಒಂದೇ ಕಾರಣಕ್ಕೆ ಅದನ್ನು ಹಳಿಯುವ ಅಧಿಕಾರ ಕನ್ನಡಿಗರಿಗಂತೂ ಇಲ್ಲ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಸೂರಿನ ಕೆಳಗೆ, ಬಳಪದ ಕಲ್ಲಿನಲ್ಲಿ ಮೈದಳೆದು ಓರೆಯಾಗಿ ನಿಂತಿರುವ ಮದನಿಕೆಯರಲ್ಲಿ ಒಬ್ಬಳ ಉಡುಗೆಯನ್ನು ಕಪಿಯೊಂದು ಹಿಡಿದೆಳೆಯುತ್ತಿದೆ. ಅವಳು ಅದನ್ನು ಗದರಿಸುತ್ತಿದ್ದಾಳೆ. ಎಂಟುನೂರು ವರ್ಷಗಳ ತರುವಾಯ, ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಹುಟ್ಟಿದ ಗಿಲ್ ಎಲ್ವ್‌ಗ್ರೆನ್ (1914–1980) ಎಂಬ ಚಿತ್ರಕಾರನು ಕ್ಯಾಲೆಂಡರುಗಳಿಗಾಗಿ ಬರೆದ ತೈಲಚಿತ್ರಗಳಲ್ಲಿಯೂ ಇದೇ ಹೂಟವನ್ನು ಕಾಣುತ್ತೇವೆ: ನಾಯಿಯ ಹಗ್ಗ ಕಾಲಿಗೆ ತೊಡರುತ್ತದೆ, ಗಾಳಿ ಲಂಗವನ್ನೆತ್ತುತ್ತದೆ, ಉಡುಪಿನ ಅಂಚು ಎಲ್ಲಿಯೋ ಸಿಕ್ಕಿಕೊಳ್ಳುತ್ತದೆ, ಹುಡುಗಿ ಬೆರಗಿನಿಂದ ತುಟಿ ತೆರೆಯುತ್ತಾಳೆ. ಹೊಯ್ಸಳರ ರೂವಾರಿಗೂ ಮಿನೆಸೋಟದ ಚಿತ್ರಕಾರನಿಗೂ ಮೈಯನ್ನು ತೋರಿಸಲು ಒಂದು ನೆಪ ಬೇಕಾಗಿತ್ತು, ಆ ನೆಪದಲ್ಲಿ ಕೊಂಚ ವಿನೋದವೂ ಬೇಕಾಗಿತ್ತು. ಇದನ್ನು ಒಪ್ಪದೆ ಬೇಲೂರಿನದೆಲ್ಲ ದಿವ್ಯ, ಕ್ಯಾಲೆಂಡರಿನದೆಲ್ಲ ಕ್ಷುದ್ರ ಎಂದು ವಿಭಾಗಿಸುವುದು ಸ್ವದೇಶಾಭಿಮಾನವಾದೀತೇ ಹೊರತು ವಿಚಾರವೆನಿಸದು. ಭೇದವಿರುವುದು ಬೇರೆ ಕಡೆ. ಬೇಲೂರಿನ ಮದನಿಕೆಯರಲ್ಲಿ ದರ್ಪಣಸುಂದರಿ ತನ್ನ ಕನ್ನಡಿಯಲ್ಲಿ ಮಗ್ನಳಾಗಿದ್ದಾಳೆ. ಗಿಳಿಯೊಡನೆ ಇರುವವಳಿಗೆ ಗಿಳಿಯೇ ಪ್ರಪಂಚ. ಬೇಟೆಗೆ ಹೊರಟವಳಿಗೆ ಬೇಟೆಯ ಉತ್ಸಾಹ. ಕೆಳಗೆ ಪ್ರದಕ್ಷಿಣೆ ಬರುತ್ತಿರುವ ನಮ್ಮ ನಿಮ್ಮ ಪರಿವೆಯೇ ಅವರಿಗಿಲ್ಲ. ಕ್ಯಾಲೆಂಡರಿನ ಹುಡುಗಿಯಾದರೋ ಬಹುಮಟ್ಟಿಗೆ ನೋಡುವವನಿಗಾಗಿಯೇ ಕಾದಿರುವಂತೆ ಅವನ ಕಡೆಗೆ ತಿರುಗಿರುತ್ತಾಳೆ.

ಗೋಡೆಗೆ ಸೂಜಿ ಚುಚ್ಚಿ ತೂಗುಹಾಕುವ ಈ ಪಿನಪ್ ಚಿತ್ರಗಳ ಚರಿತ್ರೆಯನ್ನು ವಿಸ್ತರಿಸುವುದು ಇಲ್ಲಿ ಅನವಶ್ಯಕ. ಪೆರು ದೇಶದಿಂದ ಅಮೆರಿಕಕ್ಕೆ ಬಂದ ಆಲ್ಬರ್ಟೊ ವರ್ಗಾಸ್ 1940ರಿಂದ ಎಸ್ಕ್ವೈರ್ ಪತ್ರಿಕೆಗೆ ಬರೆದ ತರುಣಿಯರು ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಶಿಬಿರಗಳನ್ನು ಹೊಕ್ಕರು. ಅವರನ್ನು ಹೋಲುವ ರೂಪಗಳು ಬಾಂಬರು ವಿಮಾನಗಳ ಮೂತಿಯ ಮೇಲೂ ಮೂಡಿದವು. 1943ರಲ್ಲಿ ಅಲ್ಲಿನ ಅಂಚೆ ಇಲಾಖೆಯ ಮುಖ್ಯಾಧಿಕಾರಿ ಆ ಪತ್ರಿಕೆಗಿದ್ದ ಅಗ್ಗದ ಅಂಚೆಯ ಸೌಲಭ್ಯವನ್ನು ಕಿತ್ತುಕೊಳ್ಳಲು ಹೊರಟನು. 1946ರಲ್ಲಿ ಸರ್ವೋಚ್ಚ ನ್ಯಾಯಾಲಯ, ಒಳ್ಳೆಯ ಅಭಿರುಚಿ ಯಾವುದೆಂದು ಕಟ್ಟಳೆ ಮಾಡುವ ಅಧಿಕಾರ ಅಂಚೆಯ ಅಧಿಕಾರಿಗೆ ಇಲ್ಲವೆಂದು ತೀರ್ಪಿತ್ತಿತು. ಆ ತೀರ್ಪು ನ್ಯಾಯವಾದುದೆಂದೇ ನನ್ನ ಭಾವನೆ. ಪ್ರೌಢರಾದವರ ಮನಸ್ಸಿನ ಕೋಣೆಯನ್ನು ರಾಜದಂಡವು ಹೊಗಬಾರದು. ಆದರೆ ರಾಜದಂಡವು ಹೊಸ್ತಿಲಿನಲ್ಲಿ ನಿಂತುಕೊಂಡಿತೆಂದ ಮಾತ್ರಕ್ಕೆ ಒಳಗೆ ವಿಚಾರಣೆಯೇ ಇಲ್ಲವೆಂದು ಹೇಳಲಾಗದು. ತತ್ತ್ವಜಿಜ್ಞಾಸೆ ಮೊದಲಾಗುವುದು ಆ ಹೊಸ್ತಿಲಿನ ಒಳಗೆಯೇ.

ಎಲ್ವ್‌ಗ್ರೆನ್ನನ ಕಾಲದ ಒಂದು ಸಂಗತಿಯನ್ನು ಮರೆಯಬಾರದು. ಅವನು ಸಂಬಳ ಕೊಟ್ಟು ಕರೆತಂದ ಹುಡುಗಿಯರನ್ನು ನಿಲ್ಲಿಸಿ, ಛಾಯಾಚಿತ್ರ ತೆಗೆದು, ಆ ಮೇಲೆ ಕಾಲನ್ನು ನೀಳವಾಗಿಸಿ ನಡುವನ್ನು ಕಿರಿದಾಗಿಸಿ ಬಣ್ಣದಲ್ಲಿ ಬರೆಯುತ್ತಿದ್ದನು. ಅತಿಶಯೋಕ್ತಿ ಎಷ್ಟೇ ಇರಲಿ, ಅದರ ಮೂಲದಲ್ಲಿ ದಣಿಯುವ, ನಗುವ, ಸಾಕೆಂದು ಹೇಳಬಲ್ಲ ಒಬ್ಬ ಹುಡುಗಿ ನಿಂತಿದ್ದಳು. ಅವನ ಸಮಕಾಲೀನಳಾದ ಜೋಯಿ ಮೋಜರ್ಟ್ ಎಂಬಾಕೆ ಇದೇ ವೃತ್ತಿಯಲ್ಲಿ ಪ್ರಸಿದ್ಧಿ ಪಡೆದ ಚಿತ್ರಕಾರ್ತಿ. ಆಕೆ ಎಷ್ಟೋ ವೇಳೆ ಕನ್ನಡಿಯೆದುರು ನಿಂತು ತನ್ನನ್ನೇ ಮಾದರಿಯಾಗಿ ಮಾಡಿಕೊಂಡಳು. ಫ್ರಾಂಕ್ ಫ್ರಜೆಟ್ಟ, ಬೋರಿಸ್ ವಲ್ಲೆಹೊ ಮೊದಲಾದವರು ಈ ಹೆಣ್ಣನ್ನು ಗೋಡೆಯ ಕ್ಯಾಲೆಂಡರಿನಿಂದ ಅದ್ಭುತಲೋಕಕ್ಕೆ ಕೊಂಡೊಯ್ದು ಕೈಗೆ ಖಡ್ಗವನ್ನೂ ಪಕ್ಕಕ್ಕೆ ಹುಲಿಯನ್ನೂ ಕೊಟ್ಟರು. ಅಲ್ಲಿಂದ ಮುಂದಿನ ಹೆಜ್ಜೆ ಗಣಕಯಂತ್ರದ್ದು. 1990ರಲ್ಲಿ ಫೋಟೋಶಾಪ್ ಬಂದಿತು. 1995ರಲ್ಲಿ ಪೋಸರ್ ಎಂಬ ತಂತ್ರಾಂಶ ಬಂದಿತು, ಅದರೊಳಗೆ ಮೂರು ಆಯಾಮದ ಮನುಷ್ಯದೇಹವನ್ನು ಬೇಕಾದಂತೆ ಬಗ್ಗಿಸಿ ನಿಲ್ಲಿಸಬಹುದಾಗಿತ್ತು. ವಿಕ್ಟೋರಿಯಾ ಎಂಬ ಹೆಸರಿನ ಮಾದರಿ ದೇಹವೊಂದನ್ನು ಕೊಂಡು, ತೆರೆಯ ಮೇಲಿನ ಗುಂಡಿಗಳನ್ನು ಸರಿಸಿ, ನಡುವನ್ನು ಇಷ್ಟು, ಎದೆಯನ್ನು ಅಷ್ಟು, ತುಟಿಯನ್ನು ಇನ್ನಷ್ಟು ಎಂದು ಅಳೆದುಕೊಂಡ ಹವ್ಯಾಸಿಗಳು ಲೋಕದ ಎಲ್ಲ ಕಡೆಗಳಲ್ಲಿಯೂ ಹುಟ್ಟಿಕೊಂಡರು. 2022ರ ಆಗಸ್ಟಿನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರರಚನೆಯ ಯಂತ್ರ ಸಾರ್ವಜನಿಕರ ಕೈಗೆ ಬಂದ ಬಳಿಕ ಆ ಗುಂಡಿಗಳನ್ನು ಸರಿಸುವ ಶ್ರಮವೂ ಉಳಿಯಲಿಲ್ಲ: ಬೇಕಾದುದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಕ್ಷಣಮಾತ್ರದಲ್ಲಿ ರೂಪವು ಮುಂದೆ ನಿಲ್ಲುತ್ತದೆ, ಹಿಡಿಸದಿದ್ದರೆ ಇನ್ನೊಂದು, ಅದೂ ಹಿಡಿಸದಿದ್ದರೆ ಮತ್ತೊಂದು. ಚಿತ್ರಕಾರನ ಎದುರಿಗೆ ನಿಂತು ದಣಿಯುತ್ತಿದ್ದ ಹುಡುಗಿ ಹೀಗೆ ಕ್ರಮಕ್ರಮವಾಗಿ ಹಿಂದೆ ಸರಿದು, ಕಡೆಗೆ ಕಾಣದಾದಳು. ನಮ್ಮ ಪ್ರಶ್ನೆಯನ್ನು ಹುಟ್ಟಿಸಿದುದು ಅವಳ ಈ ಕಾಣೆಯಾಗುವಿಕೆ.

ಆದರೆ ಅವಳು ನಿಜವಾಗಿಯೂ ಇಲ್ಲವೆ? ಮಹಾಭಾರತದ ಆದಿಪರ್ವದಲ್ಲಿ ಸುಂದೋಪಸುಂದರೆಂಬ ಅಸುರ ಸೋದರರ ವಧೆಗಾಗಿ ವಿಶ್ವಕರ್ಮನು ತಿಲೋತ್ತಮೆಯನ್ನು ನಿರ್ಮಿಸಿದಾಗ, ಮೂರು ಲೋಕಗಳಲ್ಲಿ ಎಲ್ಲೆಲ್ಲಿ ಸುಂದರವಾದುದಿತ್ತೋ ಅಲ್ಲಲ್ಲಿಂದ ಎಳ್ಳಷ್ಟೆಳ್ಳಷ್ಟನ್ನು ಆರಿಸಿ ತಂದು ಅವಳ ಮೈಯನ್ನು ಕೂಡಿಸಿದನೆಂದು ಕಥೆಯಿದೆ. ಈಗಿನ ಯಂತ್ರವು ಮಾಡಿದುದೂ ಅದನ್ನೇ. ಸ್ಟೇಬಲ್ ಡಿಫ್ಯೂಷನ್ ತನ್ನ ಪಾಠವನ್ನು ಕಲಿತದ್ದು ಲಾಯಾನ್ ಎಂಬ ಸಂಗ್ರಹದಿಂದ. ಅಂತರ್ಜಾಲದಿಂದ ಗುಡಿಸಿ ತಂದ ಆ ರಾಶಿಯಲ್ಲಿ ಚಿತ್ರ ಮತ್ತು ವಿವರಣೆಗಳ ಸುಮಾರು 585 ಕೋಟಿ ಜೋಡಿಗಳಿದ್ದವು. ಮದುವೆಯ ಮನೆಯಲ್ಲಿ ನಕ್ಕವಳು, ಸಮುದ್ರದ ತೀರದಲ್ಲಿ ನಿಂತವಳು, ಸೀರೆಯನ್ನು ಮಾರಲು ಉಟ್ಟು ತೋರಿಸಿದವಳು, ಇಂಥ ಅಸಂಖ್ಯ ಸ್ತ್ರೀಯರ ಅಂಗಭಂಗಿಗಳನ್ನು ಅವರನ್ನು ಕೇಳದೆಯೇ ತೆಗೆದುಕೊಂಡು ಈ ಯಂತ್ರವು ತನ್ನ ಹೆಣ್ಣನ್ನು ಕೂಡಿಸುತ್ತದೆ. ಆದುದರಿಂದ ಅವಳು ಯಾರೂ ಅಲ್ಲವೆಂಬ ಮಾತು ಸಂಪೂರ್ಣ ಸತ್ಯವಲ್ಲ. ಅವಳು ಬಹು ಜನರ ಎಳ್ಳಷ್ಟೆಳ್ಳಷ್ಟು. ಈ ದಾರಿಯಲ್ಲಿ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದವರು ಜೀವಂತ ಸ್ತ್ರೀಯ ಮುಖವನ್ನೇ ಕಿತ್ತು ಬೇರೊಂದು ಮೈಗೆ ಅಂಟಿಸುತ್ತಾರೆ. 2023ರ ನವೆಂಬರಿನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರಿಗೆ ಹೀಗಾದಾಗ, ಅದರಿಂದ ತಮಗೆ ಎಷ್ಟು ನೋವೂ ಭಯವೂ ಆಯಿತೆಂಬುದನ್ನು ಅವರೇ ಬಹಿರಂಗವಾಗಿ ಹೇಳಿದರು.

ತಿಲೋತ್ತಮೆಯ ಕಥೆಯಲ್ಲಿ ಇನ್ನೊಂದು ಅಂಶವುಂಟು, ಅದು ನನ್ನನ್ನು ಬಹಳವಾಗಿ ಕಾಡಿದೆ. ಅವಳು ದೇವಸಭೆಯನ್ನು ಪ್ರದಕ್ಷಿಣೆ ಮಾಡುವಾಗ ಶಿವನಿಗೆ ನಾಲ್ಕು ಮುಖಗಳೂ ಇಂದ್ರನಿಗೆ ಸಾವಿರ ಕಣ್ಣುಗಳೂ ಮೂಡಿದವೆಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ಕಾರ್ಯವು ಮುಗಿದ ಮೇಲೆ ಬ್ರಹ್ಮನು ಅವಳಿಗಿತ್ತ ವರವನ್ನು ಹೇಳುವವರು ವಿರಳ: ಸೂರ್ಯನು ಸಂಚರಿಸುವ ಲೋಕಗಳಲ್ಲೆಲ್ಲ ನೀನು ಸಂಚರಿಸುವೆ, ನಿನ್ನ ತೇಜಸ್ಸಿನ ದೆಸೆಯಿಂದ ಯಾವನೂ ನಿನ್ನನ್ನು ಕಣ್ತುಂಬ ನೋಡಲಾರನು. ನೋಡಲ್ಪಡುವುದಕ್ಕೆಂದೇ ನಿರ್ಮಿತಳಾದವಳಿಗೆ ಕಡೆಯಲ್ಲಿ ದೊರೆತ ಅನುಗ್ರಹವು ನೋಟದಿಂದ ಬಿಡುಗಡೆ. ಕಲ್ಪಿತಳಾದವಳಿಗೂ ಒಂದು ಸ್ವಾತಂತ್ರ್ಯವನ್ನು ಕೊಡದೆ ಕಥೆಯನ್ನು ಮುಗಿಸಲು ವ್ಯಾಸನಿಗೆ ಮನಸ್ಸು ಬರಲಿಲ್ಲ.

ಇರಲಿ, ಯಾರ ಚಿತ್ರವನ್ನೂ ಕದಿಯದೆ, ಯಾರ ಮುಖವನ್ನೂ ಹೋಲದೆ, ಶುದ್ಧ ಕಲ್ಪನೆಯಿಂದಲೇ ಹುಟ್ಟಿದ ರೂಪವೊಂದನ್ನು ಒಪ್ಪಿಕೊಳ್ಳೋಣ. ಆಗಲೂ ಪ್ರಶ್ನೆ ಉಳಿಯುತ್ತದೆ. ಗೀತೆಯ ಎರಡನೆಯ ಅಧ್ಯಾಯವು ಮನುಷ್ಯನ ಪತನದ ಮೆಟ್ಟಿಲುಗಳನ್ನು ಕ್ರಮವಾಗಿ ಹೇಳುವಾಗ ವಿಷಯದ ಧ್ಯಾನದಿಂದಲೇ ಮೊದಲುಮಾಡುತ್ತದೆ. ಧ್ಯಾನಕ್ಕೆ ವಿಷಯವು ಎದುರಿಗಿರಬೇಕೆಂಬ ನಿಯಮವಿಲ್ಲ. ಹಾಗೆಂದು ಕಲ್ಪನೆಯನ್ನೆಲ್ಲ ತ್ಯಜಿಸಬೇಕೆಂದರೆ ಕಾಳಿದಾಸನನ್ನೂ ತ್ಯಜಿಸಬೇಕಾದೀತು. ಈ ತೊಡಕನ್ನು ಬಿಡಿಸಿದವರು ನಮ್ಮ ಆಲಂಕಾರಿಕರು. ಚಿತ್ರದ ಕುದುರೆಯನ್ನು ಕಂಡಾಗ ಉಂಟಾಗುವ ಅರಿವು ಯಥಾರ್ಥಜ್ಞಾನವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ, ಅದೊಂದು ವಿಲಕ್ಷಣವಾದ ಪ್ರತೀತಿ ಎಂದು ಶಂಕುಕನು ಹೇಳಿದನು. ಭಟ್ಟನಾಯಕನೂ ಅಭಿನವಗುಪ್ತನೂ ಮುಂದುವರಿದು, ಕಾವ್ಯದಲ್ಲಿ ಕಾಣುವ ರತಿಭಾವವು ನನ್ನದು, ಅವನದು ಎಂಬ ಮಮತೆಯ ಅಂಟನ್ನು ಕಳಚಿ ಸಾಧಾರಣವಾಗುವುದರಿಂದಲೇ ಅದು ಕಾಮವಾಗಿ ಉಳಿಯದೆ ಶೃಂಗಾರರಸವಾಗುವುದೆಂದು ತೋರಿಸಿದರು. ಮೈಸೂರಿನ ಪ್ರೊಫೆಸರ್ ಎಂ. ಹಿರಿಯಣ್ಣನವರ ಪ್ರಬಂಧಗಳು 1954ರಲ್ಲಿ ‘ಆರ್ಟ್ ಎಕ್ಸ್‌ಪೀರಿಯೆನ್ಸ್’ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದಾಗ, ಕಲಾನುಭವವು ಕ್ಷಣಿಕವಾದರೂ ಮೋಕ್ಷವನ್ನು ಹೋಲತಕ್ಕದ್ದು, ಏಕೆಂದರೆ ಅಲ್ಲಿ ಸ್ವಾರ್ಥವು ತಾತ್ಕಾಲಿಕವಾಗಿ ಅಳಿಯುತ್ತದೆ ಎಂಬ ಸಿದ್ಧಾಂತ ಈ ಕಾಲದ ಓದುಗರಿಗೂ ನಿಚ್ಚಳವಾಯಿತು.

ಈ ಒರೆಗಲ್ಲಿಗೆ ತಿಕ್ಕಿದಾಗ ನಮ್ಮ ಚಿತ್ರದ ನಿಜವಾದ ದೋಷವು ಹೊರಬೀಳುತ್ತದೆ. ಶಾಕುಂತಲದಲ್ಲಿ ಶಕುಂತಲೆಯ ಎದುರಿಗೆ ದುಷ್ಯಂತನಿದ್ದಾನೆ. ಅವರಿಬ್ಬರ ಅನುರಾಗಕ್ಕೆ ನಾವು ಸಾಕ್ಷಿಗಳು. ಪಿನಪ್ ಚಿತ್ರದಲ್ಲಿ ನಾಯಕನ ಪೀಠವನ್ನು ಬೇಕೆಂದೇ ಬರಿದು ಮಾಡಿಟ್ಟಿದೆ. ಆ ಪೀಠದ ಮೇಲೆ ನೋಡುವವನೇ ಬಂದು ಕುಳಿತುಕೊಳ್ಳಬೇಕು. ಅಲ್ಲಿಗೆ ಸಾಧಾರಣೀಕರಣವು ಮುರಿದುಬಿದ್ದಿತು. ಅಳಿಯಬೇಕಾಗಿದ್ದ ಮಮತೆಯೇ ಸಿಂಹಾಸನವನ್ನೇರಿತು. ರತಿಯು ಇಬ್ಬರಲ್ಲಿಯೂ ನೆಲೆಸಿರದೆ ಒಬ್ಬರಲ್ಲಿ ಮಾತ್ರ ಇದ್ದರೆ ಅದು ರಸವಲ್ಲ, ರಸಾಭಾಸ ಎಂದು ಸಾಹಿತ್ಯದರ್ಪಣದ ವಿಶ್ವನಾಥನು ಎಣಿಸಿದ್ದಾನೆ. ಕಾವ್ಯದೊಳಗಣ ಪಾತ್ರಗಳಿಗೆ ಹೇಳಿದ ಆ ಲಕ್ಷಣವು, ನೋಡುವವನೇ ಪಾತ್ರವಾಗಿಬಿಟ್ಟ ಇಲ್ಲಿ ಅವನಿಗೇ ತಗುಲುತ್ತದೆ: ಯಂತ್ರವು ಕೊಟ್ಟ ಹೆಣ್ಣಿಗೆ ಒಲಿಯುವ ಮನಸ್ಸೂ ಇಲ್ಲ, ಒಲ್ಲೆನೆನ್ನುವ ಬಾಯಿಯೂ ಇಲ್ಲ. ನಿರಾಕರಿಸಲಾರದವಳ ಸಮ್ಮತಿಗೆ ಅರ್ಥವೇನು?

ಇದರಿಂದ ಬದುಕಿನಲ್ಲಿ ಆಗುವುದೇನೆಂಬುದನ್ನು ಅಶ್ವಘೋಷನು ಸೌಂದರನಂದದಲ್ಲಿ ನಿರ್ದಯವಾಗಿ ಚಿತ್ರಿಸಿದ್ದಾನೆ. ಪತ್ನಿಯಾದ ಸುಂದರಿಯ ಮೇಲೆ ಪ್ರಾಣವನ್ನೇ ಇಟ್ಟಿದ್ದ ನಂದನನ್ನು ಬುದ್ಧನು ಸ್ವರ್ಗಕ್ಕೆ ಕರೆದೊಯ್ಯುವಾಗ ಹಿಮಾಲಯದಲ್ಲಿ ಒಕ್ಕಣ್ಣಿನ ಹೆಣ್ಣುಕಪಿಯೊಂದನ್ನು ತೋರಿಸುತ್ತಾನೆ. ಅಪ್ಸರೆಯರನ್ನು ಕಂಡ ಬಳಿಕ ನಂದನು, ಆ ಕಪಿಗೂ ತನ್ನ ಸುಂದರಿಗೂ ಎಷ್ಟು ಅಂತರವೋ ಸುಂದರಿಗೂ ಈ ಅಪ್ಸರೆಯರಿಗೂ ಅಷ್ಟೇ ಅಂತರವೆಂದು ಹೇಳಿಬಿಡುತ್ತಾನೆ. ಮನೆಯಲ್ಲಿ ಅವನಿಗಾಗಿ ಅತ್ತು ಸೊರಗುತ್ತಿರುವ ಹೆಂಡತಿಯನ್ನು ಕುರಿತು ಆಡಿದ ಮಾತು ಇದು. ಬುದ್ಧನಿಗಾದರೋ ಅದು ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಚಿಕಿತ್ಸೆಯಾಗಿತ್ತು, ಎರಡನೆಯ ಮುಳ್ಳನ್ನು ತೆಗೆಯಲು ಶಿಷ್ಯನಾದ ಆನಂದನಂತಹ ಹಿತವಾದಿಯೂ ಇದ್ದನು. ಕೋಣೆಯಲ್ಲಿ ಒಬ್ಬನೇ ಕುಳಿತು ದಿನಕ್ಕೆ ನೂರು ಅಪ್ಸರೆಯರನ್ನು ಆಜ್ಞಾಪಿಸಿ ತರಿಸಿಕೊಳ್ಳುವ ತರುಣನಿಗೆ ಆ ಚಿಕಿತ್ಸಕನಿಲ್ಲ. ಮೊದಲ ಮುಳ್ಳು ಮಾತ್ರ ಉಂಟು.

ಆದರೂ ನನ್ನ ಪ್ರಶ್ನೆಗೆ ನೇರವಾದ ಉತ್ತರವನ್ನು ನಾನು ಕಂಡದ್ದು ನಮ್ಮ ಪಂಪನಲ್ಲಿ. 941ರಲ್ಲಿ ಅವನು ರಚಿಸಿದ ಆದಿಪುರಾಣದ ನೀಲಾಂಜನೆಯ ನೃತ್ಯದ ಪ್ರಸಂಗವನ್ನು ಓದದ ಕನ್ನಡಿಗರು ಕಡಮೆ. ಮುಂದೆ ಮೊದಲ ತೀರ್ಥಂಕರನಾಗಲಿರುವ, ಇನ್ನೂ ಭೋಗದಲ್ಲಿರುವ ಆದಿದೇವನಿಗೆ ವೈರಾಗ್ಯವನ್ನುಂಟುಮಾಡಬೇಕೆಂದು ಇಂದ್ರನು ಆಯುಸ್ಸು ಮುಗಿಯುತ್ತ ಬಂದಿದ್ದ ದೇವನರ್ತಕಿ ನೀಲಾಂಜನೆಯನ್ನೇ ಆರಿಸಿ ಆಸ್ಥಾನದಲ್ಲಿ ಕುಣಿಯಲು ಕಳುಹಿಸುತ್ತಾನೆ. ಕುಣಿಯುತ್ತ ಕುಣಿಯುತ್ತಲೇ ಅವಳು ಮಿಂಚಿನಂತೆ ಇಲ್ಲವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಅದೇ ಕ್ಷಣದಲ್ಲಿ ಅವಳಂತೆಯೇ ಇರುವ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಅದೇ ಲಯ, ಅದೇ ಭಂಗಿ, ಅದೇ ಚೆಲುವು. ಸಭೆಯು ತಲೆದೂಗುತ್ತಲೇ ಇರುತ್ತದೆ. ಒಬ್ಬ ಹೆಣ್ಣು ತಮ್ಮೆದುರಿನಲ್ಲಿಯೇ ಸತ್ತಳೆಂಬುದು ಅಲ್ಲಿದ್ದ ಯಾರಿಗೂ ತಿಳಿಯದು, ಆದಿದೇವನೊಬ್ಬನ ಹೊರತು.

ಇದನ್ನು ನಾವು ಸಾಮಾನ್ಯವಾಗಿ ಸಂಸಾರದ ಅನಿತ್ಯತೆಯ ಪಾಠವೆಂದು ಓದುತ್ತೇವೆ. ಆ ಓದು ಸರಿಯಾದುದೇ. ಆದರೆ ಈ ಪ್ರಸಂಗದಲ್ಲಿ ಎರಡು ಬಗೆಯ ಕಣ್ಣುಗಳ ಪರೀಕ್ಷೆಯೂ ನಡೆದಿದೆಯೆಂದು ನನಗೆ ತೋರುತ್ತದೆ. ಸಭಾಸದರಿಗೆ ನೀಲಾಂಜನೆಯೆಂದರೆ ಒಂದು ಆಕಾರ ಮತ್ತು ಅದರ ಚಲನೆ. ಆಕಾರವೂ ಚಲನೆಯೂ ಮುಂದುವರಿದ ಮೇಲೆ ಅವರಿಗೆ ಕಳೆದುಕೊಂಡುದು ಏನೂ ಇರಲಿಲ್ಲ. ಆದಿದೇವನಿಗೆ ಅವಳು ಒಂದು ಜೀವ, ತನ್ನದೇ ಆದ ಆಯುಸ್ಸನ್ನು ಹೊತ್ತು ಬಂದು ಅದನ್ನು ಮುಗಿಸಿ ಹೋದ ಜೀವ. ಆದುದರಿಂದಲೇ ಎಷ್ಟು ನಿರ್ದುಷ್ಟವಾದ ಪ್ರತಿರೂಪವೂ ಅವನಿಗೆ ಅವಳಾಗಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಕುಳಿತವನೂ ಅಲ್ಲ, ನೃತ್ಯವನ್ನು ಹೇಸಿ ಎದ್ದುಹೋದವನೂ ಅಲ್ಲ. ಎಲ್ಲರಿಗಿಂತ ಚೆನ್ನಾಗಿ, ಎಲ್ಲರಿಗಿಂತ ಗಮನವಿಟ್ಟು ನೋಡಿದವನು ಅವನೇ. ಈಗ ನಮ್ಮ ಪ್ರಶ್ನೆಗೆ ಹಿಂತಿರುಗಿದರೆ, ಇಲ್ಲದ ಹೆಣ್ಣಿನ ಚಿತ್ರವನ್ನು ಬಯಸಿದವನು ಆ ಹೆಣ್ಣಿಗೆ ಯಾವ ಅಪರಾಧವನ್ನೂ ಮಾಡಲಿಲ್ಲವೆಂದು ನಾನು ಒಪ್ಪುತ್ತೇನೆ. ಅವನು ಮಾಡಿದುದು ತನ್ನ ಕಣ್ಣಿನ ಶಿಕ್ಷಣವನ್ನು. ಪ್ರತಿದಿನವೂ ಇಂದ್ರನ ಪ್ರತಿರೂಪಗಳನ್ನೇ ಉಂಡು ಬೆಳೆದ ಕಣ್ಣು, ನಾಳೆ ನಿಜವಾದ ನೀಲಾಂಜನೆ ಎದುರಿಗೆ ಬಂದಾಗಲೂ ಆಕಾರವನ್ನೇ ಕಂಡೀತು. ಅವಳು ದಣಿದುದನ್ನಾಗಲಿ ನೊಂದುದನ್ನಾಗಲಿ ಕಾಣುವ ಶಕ್ತಿ ಅದಕ್ಕೆ ಉಳಿದಿರಲಾರದು.

ಇಷ್ಟು ಹೇಳಿ ವೈರಾಗ್ಯಗ್ರಂಥಗಳ ಪಕ್ಷಕ್ಕೆ ಸೇರಿಕೊಳ್ಳಲು ನಾನು ಸಿದ್ಧನಿಲ್ಲ. ಸೌಂದರನಂದದಲ್ಲಿಯೇ ಒಬ್ಬ ಭಿಕ್ಷುವು ಸ್ತ್ರೀಯರನ್ನು ಒಂದು ಸರ್ಗದ ಉದ್ದಕ್ಕೂ ನಿಂದಿಸುತ್ತಾನೆ. ಹೆಣ್ಣಿನ ಮೈಯನ್ನು ಮಲಮೂತ್ರಗಳ ಚೀಲವೆಂದು ಭಾವಿಸಿ ಮೋಹವನ್ನು ಕಳೆದುಕೊಳ್ಳಬೇಕೆಂದು ಬೋಧಿಸುವ ಗ್ರಂಥಗಳು ಹಲವು ಮತಗಳಲ್ಲಿ ಇವೆ. ಚಿತ್ರಕಾರನು ಅವಳ ಮೈಯನ್ನು ಮಾತ್ರ ಕಂಡು ಹಿಗ್ಗಿದನು, ವಿರಕ್ತನು ಅವಳ ಮೈಯನ್ನು ಮಾತ್ರ ಕಂಡು ಹೇಸಿದನು. ಮೈಯೊಳಗಿನವಳನ್ನು ಇಬ್ಬರೂ ಕಾಣಲಿಲ್ಲ. ಮಾಯೆಯನ್ನು ಹೆಣ್ಣಿನಲ್ಲಿ ಹುಡುಕಬೇಡಿ, ನೋಡುವವನ ಆಸೆಯಲ್ಲಿ ಹುಡುಕಿ ಎಂಬ ಅರ್ಥದ ಮಾತನ್ನು ಅಲ್ಲಮಪ್ರಭು ಹೇಳಿದುದು ಆ ಕಾರಣದಿಂದಲೇ. ಅದೇ ಅಲ್ಲಮನ ಎದುರಿಗೆ, ಉಡುಗೆಯನ್ನು ತೊರೆದು ಕೂದಲನ್ನು ಮಾತ್ರ ಹೊದ್ದು ಅಕ್ಕಮಹಾದೇವಿ ಕಲ್ಯಾಣದಲ್ಲಿ ನಿಂತಾಗ, ಬಟ್ಟೆಯನ್ನು ಬಿಟ್ಟವಳಿಗೆ ಕೂದಲಿನ ಮರೆಯೇಕೆಂದು ಅವನು ಕೇಳಿದನೆಂದೂ, ನೋಡುವವರಿಗೆ ನೋವಾಗಬಾರದೆಂಬ ಕಾರಣದಿಂದ ಎಂದು ಅವಳು ಉತ್ತರಿಸಿದಳೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಅಲ್ಲಿಯೂ ಬತ್ತಲೆಯುಂಟು, ಸೌಂದರ್ಯವುಂಟು, ಸುತ್ತಲೂ ನೋಡುವ ಪುರುಷರುಂಟು. ಆದರೆ ಆ ಮೈಗೆ ಒಡತಿಯಿದ್ದಳು, ಅವಳು ಉತ್ತರ ಕೊಟ್ಟಳು, ಕೇಳಿದ ಗುರುವು ಅವಳ ಉತ್ತರವನ್ನು ಮನ್ನಿಸಿದನು.

ಬೆಂಗಳೂರಿನ ಅನಿಮೇಷನ್ ಶಾಲೆಗಳಲ್ಲಿಯೂ ಆಟಗಳನ್ನು ರಚಿಸುವ ಸಂಸ್ಥೆಗಳಲ್ಲಿಯೂ ಕುಳಿತು ಇಂದು ಇಂಥ ರೂಪಗಳನ್ನು ಬರೆಯುತ್ತಿರುವ ಕನ್ನಡದ ತರುಣ ತರುಣಿಯರಲ್ಲಿ ನನ್ನದೊಂದು ಪ್ರಾರ್ಥನೆ. ಹೆಣ್ಣನ್ನು ಬರೆಯುವುದನ್ನು ಬಿಡಬೇಡಿ, ಅವಳ ಚೆಲುವಿಗೆ ಅಂಜಲೂ ಬೇಡಿ. ನೀವು ಬರೆದವಳಿಗೆ ತನ್ನದೇ ಆದ ಒಂದು ಕೆಲಸವನ್ನು ಕೊಡಿ, ಖಡ್ಗ ಹಿಡಿದವಳಿಗೆ ಮೈಯನ್ನು ಕಾಯುವ ಕವಚವನ್ನು ತೊಡಿಸಿ, ಅವಳ ದೃಷ್ಟಿಯನ್ನು ಅವಳ ಕಾರ್ಯದ ಕಡೆಗೆ ತಿರುಗಿಸಿ. ವಾರದಲ್ಲಿ ಕೆಲವು ಗಂಟೆಗಳಾದರೂ ಯಂತ್ರವನ್ನು ಮುಚ್ಚಿಟ್ಟು, ಒಪ್ಪಿ ಬಂದು ಕುಳಿತ ಜೀವಂತ ವ್ಯಕ್ತಿಯನ್ನು ನೋಡಿ ಬರೆಯಿರಿ. ಅವರು ಸಾಕೆಂದಾಗ ಕುಂಚವನ್ನು ಕೆಳಗಿಡಿ.